ಕತ್ತು ತಿರುಗದ ಫ್ಯಾನು

ಮೊನ್ನೆ ಹುಮನಾಬಾದ ಬಸ್ ನಿಲ್ದಾಣದ ಎದುರು ಮೊಬೈಲು ರಿಪೇರಿಯ ಅಂಗಡಿಯೊಂದರಲ್ಲಿ ಸ್ಟ್ಯಾಂಡ್ ಫ್ಯಾನು ನೋಡಿದೆ. ಅದರ ಕತ್ತು ಕೆಟ್ಟಿತ್ತು. ಅತ್ತಿತ್ತ ತಿರುಗಬೇಕಾದದ್ದು ಒಂದೇ ಕಡೆ ಮುಖ ಮಾಡಿ ನಿಂತಿತ್ತು. ಗಾಳಿಯೆಲ್ಲ ಅಂಗಡಿಯವನಿಗೆ, ಬೆವರೆಲ್ಲ ಗಿರಾಕಿಗಳಿಗೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ಇಂಥ ಫ್ಯಾನು ಕಂಡಾಗಲೆಲ್ಲ ನನಗೆ ನಾನು ದೇವರನ್ನು ಬಿಟ್ಟ ಕತೆ ನೆನಪಾಗುತ್ತದೆ.

ನಗಬೇಡಿ. ದೊಡ್ಡವರು ದೊಡ್ಡ ಕಾರಣಗಳಿಗೆ ದೇವರನ್ನು ಬಿಟ್ಟಿದ್ದಾರೆ. ಯುದ್ಧ ನೋಡಿ ಬಿಟ್ಟವರಿದ್ದಾರೆ, ದಪ್ಪ ದಪ್ಪ ಪುಸ್ತಕ ಓದಿ ಬಿಟ್ಟವರಿದ್ದಾರೆ. ನಾನು ಗಣಿತದ ಮಾಸ್ತರ. ಪಠ್ಯಪುಸ್ತಕ ಬಿಟ್ಟರೆ ಓದುವುದು ದಿನಪತ್ರಿಕೆ, ಅದರಲ್ಲೂ ಕೊನೆಯ ಪುಟ. ನನ್ನ ಪಾಲಿಗೆ ಬಂದ ಕಾರಣ ಒಂದು ಸ್ಟ್ಯಾಂಡ್ ಫ್ಯಾನು. ಹಾಗೆಂದು ಬಹಳ ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ.

ನಮ್ಮದು ಹುಮನಾಬಾದಿನ ಒಂದು ಸಣ್ಣ ಸಭೆ. ಚರ್ಚು ಎಂದ ಕೂಡಲೇ ಎತ್ತರದ ಗೋಪುರ, ಬಣ್ಣದ ಗಾಜು ಎಂದುಕೊಳ್ಳಬೇಡಿ. ಒಂದು ಉದ್ದನೆಯ ಹಾಲ್, ಮೇಲೆ ತಗಡು, ಕೆಳಗೆ ಜಮಖಾನ. ಚಪ್ಪಲಿ ಹೊರಗೆ ಬಿಟ್ಟು ಬಂದು ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂರುತ್ತಾರೆ. ಒಂದು ಹಾರ್ಮೋನಿಯಂ, ಒಂದು ಢೋಲಕ, ಒಂದೆರಡು ತಾಳ. ಹಾಡು ಶುರುವಾದರೆ ಹೊರಗೆ ಹೋಗುವವರು ಭಜನೆ ನಡೆದಿದೆ ಎಂದುಕೊಳ್ಳುತ್ತಾರೆ, ಅದು ಭಜನೆಯೇ. ಬೇಸಿಗೆಯಲ್ಲಿ ಮಾತ್ರ ಆ ತಗಡಿನ ಕೆಳಗೆ ಕೂತು ನರಕದ ಬಗ್ಗೆ ಪಾಸ್ಟರ ಪ್ರಸಂಗ ಕೇಳುವಾಗ ಹೆಚ್ಚಿನ ವಿವರಣೆ ಬೇಕಾಗುತ್ತಿರಲಿಲ್ಲ.

ಹೀಗಿರುವಾಗ ಪುಣ್ಯಾತ್ಮರೊಬ್ಬರು ಮಗನಿಗೆ ನೌಕರಿ ಸಿಕ್ಕಿತೆಂದು ಸಭೆಗೆ ಸ್ಟ್ಯಾಂಡ್ ಫ್ಯಾನು ಕೊಟ್ಟರು. ಅದನ್ನು ನಡುವಿನ ದಾರಿಯ ತುದಿಗೆ ನಿಲ್ಲಿಸಿದರು. ಗಂಡಸರಿಗಿಷ್ಟು, ಹೆಂಗಸರಿಗಿಷ್ಟು ಗಾಳಿ ಹಂಚುತ್ತ ಅದು ಬಹಳ ನ್ಯಾಯವಾಗಿ ನಡೆದುಕೊಂಡಿತು. ಆದರೆ ಮೊದಲ ಬೇಸಿಗೆ ಮುಗಿಯುವುದರೊಳಗೆ ಅದರ ಕತ್ತು ಹಿಡಿಯಿತು. ಅಂದಿನಿಂದ ಬೆಳಿಗ್ಗೆ ಮೊದಲು ಬಂದವರು ಅದನ್ನು ತಮ್ಮ ಕಡೆ ತಿರುಗಿಸಿ ಇಡುವ ಪದ್ಧತಿ ಶುರುವಾಯಿತು. ಮೊದಲು ಬರುತ್ತಿದ್ದವರು ಯಾವಾಗಲೂ ದಾವಿದಪ್ಪ, ಏಕೆಂದರೆ ಬಾಗಿಲಿನ ಕೀಲಿ ಇದ್ದದ್ದೇ ಅವರ ಕೈಯಲ್ಲಿ.

ದಾವಿದಪ್ಪ ನಮ್ಮ ಸಭೆಯ ಸೆಕ್ರೆಟರಿ. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, ಆದರೆ ಧ್ವನಿ ಇನ್ನೂ ರಿಟೈರ್ ಆಗಿರಲಿಲ್ಲ. ಪ್ರಸಂಗ ನಡೆಯುವಾಗಲೂ ಎದ್ದು ನಿಂತು, “ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ” ಎನ್ನುತ್ತಿದ್ದರು. ಹೆಂಗಸರ ಕಡೆಯ ಮುಂದಾಳು ಕಮಲಾಬಾಯಿ, ಅಂಗನವಾಡಿ ನಡೆಸಿದವರು. ಅವರ ಮುಂದೆ ಪಾಸ್ಟರು ಸಹ ಕೈಕಟ್ಟಿ ನಿಲ್ಲುತ್ತಿದ್ದರು.

ಇಲ್ಲಿ ನಮ್ಮ ಸಭೆಯ ಒಂದು ರಿವಾಜು ಹೇಳಬೇಕು. ಆರಾಧನೆಯ ಹೊತ್ತಿನಲ್ಲಿ ಜಗಳ ಮಾಡುವಂತಿಲ್ಲ, ಆದರೆ ಪ್ರಾರ್ಥನೆ ಮಾಡಬಹುದು. ಪಾಸ್ಟರು “ಯಾರಾದ್ರೂ ಇಬ್ಬರು ಪ್ರಾರ್ಥನಾ ನಡೆಸಿಕೊಡ್ರಿ” ಎಂದರೆ ಸಾಕು, ವಾರವಿಡೀ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಹೊರಗೆ ಬರುತ್ತಿತ್ತು. ಹೇಳುವುದು ದೇವರಿಗೆ, ಕೇಳಬೇಕಾದವರು ಪಕ್ಕದಲ್ಲಿ. ಕಣ್ಣು ಮುಚ್ಚಿರುವುದರಿಂದ ಮುಖ ನೋಡುವ ಸಂಕೋಚವಿಲ್ಲ, ಆಮೆನ್ ಬೀಳುವ ತನಕ ಯಾರೂ ನಡುವೆ ಬಾಯಿ ಹಾಕುವ ಹಾಗಿಲ್ಲ.

“ತಂದೀ, ನಿನಗ ಎಲ್ಲಾ ಗೊತ್ತದ,” ಎಂದು ಕಮಲಾಬಾಯಿ ಒಂದು ಭಾನುವಾರ ಶುರುಮಾಡಿದರು. “ಈ ಸಭಾದಾಗ ಕೆಲವು ಮಂದಿ ಎದಿ ಕಲ್ಲಾಗ್ಯದ. ಹೆಣ್ಣಮಕ್ಕಳು ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಬೆವರಾಕತ್ತಾರ. ಗಾಳಿ ತಮಗ ಅಷ್ಟೇ ಬೇಕನ್ನೋರಿಗೆ ಬುದ್ಧಿ ಕೊಡು. ಹೆಸರು ನಾ ಹೇಳಂಗಿಲ್ಲ ತಂದೀ, ನಿನಗ ಕಾಣತದ.”

ಎರಡನೆಯ ಪ್ರಾರ್ಥನೆ ದಾವಿದಪ್ಪನವರದು. “ಪರಲೋಕದ ದೇವರೇ, ಕೆಲವರು ಎರಡನೇ ಹಾಡು ಮುಗದ ಮ್ಯಾಲೆ ಬರ್ತಾರ, ಬಂದು ಮತ್ತ ಗಾಳಿ ಕೇಳ್ತಾರ. ನಿನ್ನ ಮಂದಿ ಅರಣ್ಯದಾಗ ನಲವತ್ತು ವರ್ಷ ನಡೆದ್ರು ತಂದೀ. ಒಬ್ಬರೂ ಫ್ಯಾನು ಕೇಳಲಿಲ್ಲ.”

ಕಮಲಾಬಾಯಿ ಉತ್ತರಕ್ಕೆ ಒಂದು ವಾರ ಕಾದರು. ಬಹುಶಃ ಸತ್ಯವೇದ ತಿರುವಿ ಹಾಕಿದ್ದರು. “ಪಂಚಾಶತ್ತಮ ದಿನ ಶಿಷ್ಯರು ಕೂಡಿದ್ದ ಮನಿಯಾಗ ನೀ ಆತ್ಮದ ಗಾಳಿ ಬೀಸಿದಾಗ ಗಂಡಸರ ಕಡಿ ಅಷ್ಟೇ ಬೀಸಲಿಲ್ಲ ತಂದೀ. ಮನಿ ತುಂಬಾ ಬೀಸಿದಿ.” ಹೆಂಗಸರ ಕಡೆಯಿಂದ ಬಂದ ಆಮೆನ್ನಿಗೆ ತಗಡು ಅದುರಿತು.

ಇದನ್ನೆಲ್ಲ ನಾನು ಕಣ್ಣು ತೆರೆದುಕೊಂಡು ನೋಡುತ್ತಿದ್ದೆ. ಎಲ್ಲಿ ಕೂತು ನೋಡುತ್ತಿದ್ದೆ ಎಂದು ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಗಂಡಸರ ಕಡೆ, ಎರಡನೆಯ ಸಾಲು, ಫ್ಯಾನಿನ ನೇರಕ್ಕೆ. ಈ ಮಂದಿಗೆ ದೇವರಿದ್ದೂ ಬುದ್ಧಿ ಬರಲಿಲ್ಲವಲ್ಲ ಎಂದು ತಣ್ಣನೆಯ ಗಾಳಿಯಲ್ಲಿ ಕೂತು ಮರುಗುತ್ತಿದ್ದೆ. ಒಮ್ಮೆ ಎದ್ದು ಅದನ್ನು ತಿರುಗಿಸಬಹುದಿತ್ತು ಎಂಬುದು ಆಗ ಹೊಳೆಯಲಿಲ್ಲ.

ನಾನು ದೇವರನ್ನು ಮೊದಲು ಕಂಡದ್ದು ದುಬಲಗುಂಡಿಯಲ್ಲಿ, ನನ್ನ ಅಜ್ಜಿಯ ಅಡುಗೆಮನೆಯಲ್ಲಿ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯೆ ಮುಂದಿಟ್ಟು ಅಜ್ಜಿ ಪ್ರಾರ್ಥನೆ ಶುರುಮಾಡುತ್ತಿದ್ದಳು. ಬೀದರಿನಲ್ಲಿದ್ದ ಮಗಳಿಂದ ಹಿಡಿದು ಕೊಡಂಬಲದ ಬೀಗರ ತನಕ ಒಬ್ಬೊಬ್ಬರ ಹೆಸರೂ ಬರಬೇಕು. ಪಕ್ಕದ ಮನೆಯ ಬಡೇಸಾಬರ ಮಂಡಿನೋವು ಬರಬೇಕು. ಎದುರು ಮನೆಯ ಗೌಡತಿಯ ಸೊಸೆಗೆ ಈ ಸಲವಾದರೂ ಹೆರಿಗೆ ಸಲೀಸಾಗಬೇಕು. ರೊಟ್ಟಿ ಆರುತ್ತಿದ್ದರೆ ನಾವು ಮೊಮ್ಮಕ್ಕಳು ಎಮ್ಮೆಗಾಗಿ ಕಾಯುತ್ತಿದ್ದೆವು. ಪ್ರಾರ್ಥನೆಯಲ್ಲಿ ಎಮ್ಮೆ ಬರುತ್ತಿದ್ದದ್ದು ಕಟ್ಟಕಡೆಗೆ. “ನಮ್ಮ ಎಮ್ಮಿನ್ನೂ ಕಾಯಪ್ಪ” ಎಂದ ಮೇಲೆ ಆಮೆನ್, ಆಮೆನ್ ಆದಮೇಲೆ ರೊಟ್ಟಿ. ಇವತ್ತಿಗೂ ಎಮ್ಮೆ ಕಂಡರೆ ನನಗೆ ಸಣ್ಣಗೆ ಹಸಿವಾಗುತ್ತದೆ.

ಉರುಸಿನ ದಿನ ಬಡೇಸಾಬರ ಮನೆಯಿಂದ ಗೋಧಿ-ಬೆಲ್ಲದ ಮಾಲಿದಾ ಬರುತ್ತಿತ್ತು. ನಮ್ಮ ಸಭೆಯ ಹಿರಿಯರೊಬ್ಬರು ಅದನ್ನು ತಿನ್ನಬಾರದೆಂದು ಹೇಳಿದಾಗ ಅಜ್ಜಿ ನಮ್ಮ ಕೈಗೆ ಒಂದೊಂದು ಉಂಡೆ ಕೊಡುತ್ತಲೇ, “ಯೇಸಸ್ವಾಮಿ ಏನೂ ಅನ್ನಂಗಿಲ್ಲ ತಗೋರಿ, ಅವನೂ ರೊಟ್ಟಿ ಹಂಚಿದಾವನೇ” ಎಂದಿದ್ದಳು. ಅಂಥ ದೇವರನ್ನು ಯಾರು ತಾನೇ ನಂಬುವುದಿಲ್ಲ? ಈಗ ಯೋಚಿಸಿದರೆ ನಾನು ನಂಬಿದ್ದು ದೇವರನ್ನೋ ಅಜ್ಜಿಯನ್ನೋ ಎಂಬ ಅನುಮಾನ ಬರುತ್ತದೆ. ದಾವಿದಪ್ಪನನ್ನು ನೋಡಿ ದೇವರನ್ನು ಬಿಡುವುದು ತಪ್ಪು ಲೆಕ್ಕವಾದರೆ ಅಜ್ಜಿಯನ್ನು ನೋಡಿ ನಂಬಿದ್ದೂ ತಪ್ಪು ಲೆಕ್ಕವೇ. ಗಣಿತದ ಮಾಸ್ತರನಾಗಿ ಇದನ್ನು ಒಪ್ಪಿಕೊಳ್ಳಬೇಕು, ಮೊಮ್ಮಗನಾಗಿ ಒಪ್ಪಲು ಮನಸ್ಸಿಲ್ಲ.

ನಿಜವಾಗಿ ನನ್ನ ನಂಬಿಕೆ ಹೋದದ್ದು ಬಸ್ಸಿನಲ್ಲಿ. ನನ್ನ ಶಾಲೆ ಬಸವಕಲ್ಯಾಣದಲ್ಲಿ, ಮನೆ ಹುಮನಾಬಾದಿನಲ್ಲಿ. ದಿನವೂ ಹೋಗಿಬರುವುದು. ಬಸವಕಲ್ಯಾಣ ಎಂಥ ಊರೆಂದು ನಿಮಗೆ ಗೊತ್ತು. ಇತ್ತ ಶರಣರ ಗವಿ, ಅತ್ತ ದರ್ಗಾ, ನಡುವೆ ಕೋಟೆ. ಭಕ್ತಿಯನ್ನು ಹುಡುಕಿಕೊಂಡು ಎಲ್ಲಿಂದಲೋ ಜನ ಬರುತ್ತಾರೆ. ಅಲ್ಲಿಗೆ ದಿನವೂ ಹೋಗುವವನು ಭಕ್ತಿ ಕಳೆದುಕೊಂಡ ಎಂದರೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವನ ಚಹಾ ಸಪ್ಪಗಾದಂತೆ. ಬಸ್ಸು ಹುಮನಾಬಾದ ಬಿಟ್ಟ ಕೂಡಲೇ ಒಂದು ಕೀರ್ತನೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು ನನ್ನ ರೂಢಿಯಾಗಿತ್ತು. ಒಂದು ದಿನ ಪೇಪರಿನ ಕ್ರಿಕೆಟ್ ಪುಟ ಮಡಚುವಾಗ, ಕೀರ್ತನೆ ಹೇಳಿ ಎಷ್ಟೋ ತಿಂಗಳಾಯಿತಲ್ಲ ಎಂದು ನೆನಪಾಯಿತು. ಹೇಳಲು ನೋಡಿದೆ. ಮಾತುಗಳೆಲ್ಲ ಸರಿಯಾಗಿ ಬಂದವು, ಆದರೆ ಕೇಳುವವರು ಯಾರೂ ಇದ್ದಂತೆ ಅನಿಸಲಿಲ್ಲ. ಛತ್ರಿ ಎಲ್ಲೋ ಬಿಟ್ಟು ಬಂದದ್ದು ಮಳೆ ಬಂದಾಗ ತಿಳಿಯುತ್ತದಲ್ಲ, ಹಾಗೆ. ಎಲ್ಲಿ ಬಿಟ್ಟೆ, ಯಾವಾಗ ಬಿಟ್ಟೆ, ಒಂದೂ ಗೊತ್ತಾಗಲಿಲ್ಲ. ಅವತ್ತು ನನಗೆ ಬಹಳ ದುಃಖವಾಯಿತು. ಶಾಲೆ ಬಂತು, ಇಳಿದು ಒಂಬತ್ತನೆಯ ತರಗತಿಗೆ ಪ್ರಮೇಯ ಹೇಳಿಕೊಟ್ಟೆ.

ಆದರೆ ಇದನ್ನು ಹೆಂಡತಿಗೆ ಹೇಗೆ ಹೇಳುವುದು? ಎಸ್ತೇರಳ ನಂಬಿಕೆ ಅವಳ ಅಡುಗೆಯ ಹಾಗೆ, ಸದ್ದಿಲ್ಲದೆ ದಿನವೂ ನಡೆಯುವಂಥದ್ದು. ಅದೇ ತಗಡಿನ ಕೆಳಗೆ ನಮ್ಮ ಮದುವೆಯಾಗಿತ್ತು. ನನ್ನೊಳಗೆ ಅದು ಇಲ್ಲ ಎಂದು ಹೇಳಿದರೆ ಅವಳು ಇನ್ನು ಮುಂದೆ ಒಬ್ಬಳೇ ಪ್ರಾರ್ಥನೆಗೆ ಕೂರಬೇಕು. ಅವಳ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಆಗ ಫ್ಯಾನು ನೆನಪಾಯಿತು.

“ನಾ ಇನ್ನ ಮ್ಯಾಲೆ ಚರ್ಚಿಗೆ ಬರಂಗಿಲ್ಲ,” ಎಂದೆ ಒಂದು ಭಾನುವಾರ. “ಆ ದಾವಿದಪ್ಪನಂಥ ಮಂದಿ ಇರೋ ಕಡಿ ದೇವರು ಹ್ಯಾಂಗ ಇರ್ತಾನ?”

ಎಸ್ತೇರ ತಲೆ ಬಾಚಿಕೊಳ್ಳುತ್ತಿದ್ದವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. “ಅವ ಒಬ್ಬ ಹಂಗ ಇದ್ದಾನಂತ ಎಲ್ಲಾ ಬಿಡ್ತೀರೇನ್ರಿ?”

“ಅವ ಸುಧಾರಿಸಲಿ, ಆಮ್ಯಾಲೆ ನೋಡೋಣ,” ಎಂದೆ. ಮಾತಿನ ಭರದಲ್ಲಿ ಬಂದದ್ದು ಅದು. ಆದರೆ ಕೆಲಸ ಮಾಡಿತು. ಹೇಳುತ್ತ ಹೇಳುತ್ತ ನನಗೇ ನಿಜವೆನಿಸತೊಡಗಿತು. ಸ್ಟಾಫ್ ರೂಮಿನಲ್ಲಿ ಈ ಕತೆಗೆ ಒಳ್ಳೆಯ ಮರ್ಯಾದೆ ಸಿಕ್ಕಿತು. ಬೇರೆ ಬೇರೆ ಧರ್ಮದ ಮಾಸ್ತರರು ತಮ್ಮ ತಮ್ಮ ದಾವಿದಪ್ಪಂದಿರ ಕತೆ ಹೇಳಿದರು. ನಾನು ತತ್ವಕ್ಕಾಗಿ ಚರ್ಚು ಬಿಟ್ಟವನು ಎಂಬ ಹೆಸರೂ ಬಂತು. ನಾನು ಅದನ್ನು ಬೇಡವೆನ್ನಲಿಲ್ಲ.

ಅಲ್ಲಿಂದ ನನ್ನ ಭಾನುವಾರಗಳು ಬೇರೆಯಾದವು. ಎಸ್ತೇರಳನ್ನು ಸ್ಕೂಟರಿನಲ್ಲಿ ಸಭೆಯ ಬಾಗಿಲ ತನಕ ಬಿಡುವುದು, ಆರಾಧನೆ ಮುಗಿಯುವ ತನಕ ಖಾಜಾಮಿಯಾನ ಹೋಟೆಲಿನಲ್ಲಿ ಕೂರುವುದು. ಅಲ್ಲಿಯ ಚುರುಮುರಿ ಸುಸಲಾ, ಮಿರ್ಚಿಭಜಿ ತಿಂದವರಿಗೆ ಬೇರೆ ಸಮಾಧಾನ ಬೇಕಾಗುವುದಿಲ್ಲ. ಹೋಟೆಲಿನಲ್ಲಿ ಇದ್ದದ್ದು ಒಂದೇ ಸೀಲಿಂಗ್ ಫ್ಯಾನು, ಅದರ ಕೆಳಗೆ ಒಂದೇ ಟೇಬಲ್ಲು. ಅದು ಸಿಗಲೆಂದು ನಾನು ಎಸ್ತೇರಳನ್ನು ಬೇಗ ಬೇಗ ಹೊರಡಿಸುತ್ತಿದ್ದೆ. ಯಾರಾದರೂ ಅಲ್ಲಿ ಮೊದಲೇ ಕೂತಿದ್ದರೆ ಅವರ ಎದುರು ಕೂತು, ಅವರು ಚಹಾ ಮುಗಿಸುವ ತನಕ ಕಪ್ಪನ್ನೇ ನೋಡುತ್ತಿದ್ದೆ.

ಒಮ್ಮೆ ಖಾಜಾಮಿಯಾ ಆ ಟೇಬಲ್ಲಿಗೆ ಬಸುರಿ ಹೆಂಗಸೊಬ್ಬಳನ್ನೂ ಅವಳ ಅತ್ತೆಯನ್ನೂ ಕೂರಿಸಿದ. ನನ್ನ ಮುಖ ನೋಡಿ, “ಏನ್ ಮಾಸ್ತರ್, ತಬಿಯತ್ ಬರೋಬ್ಬರಿ ಇಲ್ಲೇನ್ರಿ?” ಎಂದು ಕೇಳಿದ. ಚೆನ್ನಾಗಿದೆ ಎಂದೆ. ಆಮೇಲೆ ಗೋಡೆಯ ಪಕ್ಕ ಬೆವರುತ್ತ ಕೂತು ದಾವಿದಪ್ಪನ ಸ್ವಾರ್ಥದ ಬಗ್ಗೆ ಯೋಚಿಸಿದೆ.

ಹೀಗೇ ವರ್ಷಗಳು ಹೋದವು. ಸಭೆಯಿಂದ ಬರುವಾಗ ಎಸ್ತೇರ ಸ್ಕೂಟರಿನ ಹಿಂದೆ ಕೂತು ಸುದ್ದಿ ಹೇಳುವಳು. ಅದರಲ್ಲಿ ಒಂದು ವಿಚಿತ್ರ ನಾನು ಗಮನಿಸಿದ್ದೆ. ದಾವಿದಪ್ಪ ಏನಾದರೂ ಸಣ್ಣ ಒಳ್ಳೆಯ ಕೆಲಸ ಮಾಡಿದ್ದರೆ ಅದನ್ನು ತಪ್ಪದೆ ಹೇಳುವಳು. “ಇವತ್ತ ದಾವಿದಪ್ಪ ಯಾರಿಗೂ ಬೈಲಿಲ್ರಿ.” “ಇವತ್ತ ಒಂದು ಕೂಸಿನ್ನ ಎತ್ತಿಕೊಂಡಿದ್ದ.” ನಾನು “ಹೂಂ, ಒಂದಿನ ಅಷ್ಟೇ” ಎಂದು ಗೇರು ಬದಲಿಸುತ್ತಿದ್ದೆ. 

ಕಳೆದ ವರ್ಷ ಅವಳಿಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು ಎಂದರು. ಬಸವಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ಡಾಕ್ಟರು ಇದು ಸಣ್ಣ ಆಪರೇಷನ್ ಎಂದರು, ಬಂದು ಹೋದವರೆಲ್ಲ ಸಣ್ಣದು ಎಂದರು, ನಾನೂ ಅವಳಿಗೆ ಸಣ್ಣದು ಎಂದೆ. ಆದರೆ ಅವಳ ರಕ್ತದೊತ್ತಡ ಏರುತ್ತಲೇ ಇತ್ತು, ಎರಡು ಸಲ ಮುಂದಕ್ಕೆ ಹಾಕಿದ್ದರು. ಆ ಬೆಳಿಗ್ಗೆ ಆಸ್ಪತ್ರೆಯ ಹಸಿರು ಅಂಗಿ ಹಾಕಿಕೊಂಡು, ತಾಳಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

“ಒಂದ್ ಪ್ರಾರ್ಥನಾ ಮಾಡ್ರಿ,” ಎಂದಳು.

ನಾನು ಹಳೆಯ ದಾರಿಯನ್ನೇ ಹಿಡಿದೆ. “ಸಭಾದವರು ಕ್ರೂಸರ್ ಗಾಡಿ ಮಾಡ್ಕೊಂಡು ಬರಾಕತ್ತಾರಂತ. ದಾವಿದಪ್ಪ ಬರ್ತಾನ, ಉದ್ದಕ ಮಾಡ್ತಾನ ಬಿಡು. ಅಂಥವರ ಪ್ರಾರ್ಥನಾನೇ ದೇವರಿಗೆ ಬೇಕು. ನಮ್ಮಂಥವರದು ಯಾಕ?”

ಅವಳು ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದಳು. “ದಾವಿದಪ್ಪ ಈ ಖೋಲ್ಯಾಗ ಇಲ್ರಿ. ಕಮಲಾಬಾಯಿ ಇಲ್ಲ. ಫ್ಯಾನಿನ ಜಗಳ ಇಲ್ಲ. ನಾ ಒಬ್ಬಾಕಿ ಅದೀನಿ. ಈಗ ನಿಮಗ ಯಾರ ಅಡ್ಡ ಬರಾಕತ್ತಾರ?”

  ಸುಳ್ಳೇ ಆದರೂ ಪ್ರಾರ್ಥನೆಯ ನಾಲ್ಕು ಮಾತು ಹೇಳಿಬಿಡಬಹುದಿತ್ತು, ಎಲ್ಲವೂ ಬಾಯಿಪಾಠ ಇದ್ದವು. ಅವಳ ಕಣ್ಣು ನೋಡಿದ ಮೇಲೆ ಅದೂ ಆಗಲಿಲ್ಲ.

“ಅವರು ಯಾರೂ ಅಲ್ಲ ಎಸ್ತೇರ,” ಎಂದೆ. “ನನ್ನ ಹತ್ತ್ರ ನಂಬಿಕಿ ಉಳಿದಿಲ್ಲ. ಫ್ಯಾನು ಬರೇ ನೆವ. ನಿನಗ ಹೇಳಾಕ ಅಂಜಿಕಿ ಬಂತು.”

 ಅತ್ತಾಳು ಎಂದುಕೊಂಡೆ, ಬೈದಾಳು ಎಂದುಕೊಂಡೆ. ಅವಳು ಹೇಳಿದ್ದು ಇದು.

“ಅವ ಸುಧಾರಿಸಿದ್ರ ಬರ್ತೀನಿ ಅಂದಿದ್ರಿ. ಅದಕ್ಕ ನಾ ಇಷ್ಟ ವರ್ಷ ದಿನಾ ಮುಂಜಾನಿ ದಾವಿದಪ್ಪನ ಸಲುವಾಗಿ ಪ್ರಾರ್ಥನಾ ಮಾಡ್ಕೋತ ಬಂದೆ. ನಿಮ್ಮ ಸಲುವಾಗಿ ಒಂದಿನಾನೂ ಮಾಡಲಿಲ್ಲ ನೋಡ್ರಿ.”

 ದಿನವೂ ಮುಂಜಾನೆ ಅವಳು ಕಣ್ಣು ಮುಚ್ಚಿ ಕೂತಾಗ, ನನಗಾಗಿಯೇ ಬೇಡಿಕೊಳ್ಳುತ್ತಿದ್ದಾಳೆ ಎಂದು ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅವಳು ಬೇಡಿದ್ದು ಒಬ್ಬ ರಿಟೈರ್ ಕಂಡಕ್ಟರಿಗಾಗಿ. ನಗು ಬರಬೇಕಾದ ಮಾತು, ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ನರ್ಸು ಬಂದು ಸ್ಟ್ರೆಚರ್ ತಳ್ಳಿಕೊಂಡು ಹೋದಳು. ಪ್ರಾರ್ಥನೆ ಆಗಲೇ ಇಲ್ಲ.

ಹೊರಗೆ ವರಾಂಡಕ್ಕೆ ಬಂದರೆ ಸಭೆಯವರು ಬಂದಿದ್ದರು. ಕ್ರೂಸರಿನಲ್ಲಿ ಕಿಟಕಿ ಸೀಟು ಯಾರಿಗೆ ಎಂಬುದರ ಮೇಲೆ ದಾರಿಯುದ್ದಕ್ಕೂ ಮಾತು ಬೆಳೆದಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕಮಲಾಬಾಯಿ ಬುತ್ತಿ ಹಿಡಿದುಕೊಂಡು ಒಂದು ತುದಿಯಲ್ಲಿ, ದಾವಿದಪ್ಪ ಇನ್ನೊಂದು ತುದಿಯಲ್ಲಿ.

“ಪ್ರಾರ್ಥನಾ ಆತೇನ್ರಿ ಮಾಸ್ತರ?” ಎಂದರು ದಾವಿದಪ್ಪ.

ಒಂದು ಸಲ ನಿಜ ಹೇಳಿದ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. “ಇಲ್ರಿ. ನನಗ ಬರಂಗಿಲ್ಲ. ನಂಬಿಕಿ ಹೋಗಿ ಭಾಳ ದಿನ ಆತು. ನೆವಕ್ಕ ನಿಮ್ಮ ಹೆಸರು ಹೇಳಿಕೋತ ಬಂದೆ.”

ದೊಡ್ಡ ಪ್ರಸಂಗಕ್ಕೆ ಸಿದ್ಧನಾಗಿ ನಿಂತೆ. ದಾವಿದಪ್ಪ ನನ್ನನ್ನು ನೋಡಿದರು, ಆಪರೇಷನ್ ಖೋಲಿಯ ಬಾಗಿಲು ನೋಡಿದರು. “ನಮಗರೆ ದಿನಾ ಎಲ್ಲಿ ಬರ್ತದ್ರಿ,” ಎಂದರು, ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ. “ಕುಂದರ್ರಿ.”

ಕೂತೆ. ಅವರೂ ಅದೇ ಬೆಂಚಿನ ಮೇಲೆ ನನ್ನ ಪಕ್ಕಕ್ಕೇ ಕೂತರು. ಕಮಲಾಬಾಯಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಯಾರಿಗೂ ಚುಚ್ಚದ ಪ್ರಾರ್ಥನೆ ಅವರಿಗೂ ಬರುತ್ತದೆಂದು ನನಗೆ ಅಂದೇ ತಿಳಿಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಸಂಜೆಯ ಹೊತ್ತಿಗೆ ಎಸ್ತೇರಳಿಗೆ ಪೂರ್ತಿ ಎಚ್ಚರವಾಯಿತು. ತುಟಿ ಒಣಗಿತ್ತು, ಹತ್ತಿಯಲ್ಲಿ ನೀರು ಮುಟ್ಟಿಸಿದೆ. ಹೊರಗಿನಿಂದ ದಾವಿದಪ್ಪನ ದನಿ ಕೇಳುತ್ತಿತ್ತು. ಒಬ್ಬರಿಗಿಂತ ಹೆಚ್ಚು ಒಳಗೆ ಬಿಡುವುದಿಲ್ಲವೆಂದ ವಾಚ್‌ಮನ್ನನಿಗೆ ಅವರು ದೊಡ್ಡ ಧ್ವನಿಯಲ್ಲಿ ಕಾನೂನು ಹೇಳುತ್ತಿದ್ದರು.

“ಇನ್ನೂ ಇದ್ದಾರೇನ್ರಿ?” ಎಂದಳು.

“ಮುಂಜಾನಿಯಿಂದ ಇದ್ದಾರ. ಊಟಕ್ಕೂ ಎದ್ದಿಲ್ಲ.”

ಅವಳು ಸ್ವಲ್ಪ ಹೊತ್ತು ಆ ಗದ್ದಲ ಕೇಳಿದಳು. “ಖರೇ ಹೇಳ್ರಿ. ನಾ ಇಷ್ಟ ಮಾಡಿದ್ದಕ್ಕ ಅವ ಏನರೆ ಸುಧಾರಿಸ್ಯಾನೇನು?”

ವರಾಂಡದ ಬೆಂಚು ನೆನಪಾಯಿತು. “ಸ್ವಲ್ಪ,” ಎಂದೆ.

“ಹಂಗಾರ ಕೆಲಸ ಆಗ್ತದ ಅಂದಂಗಾತು,” ಎಂದು ಅವಳು ಕಣ್ಣು ಮುಚ್ಚಿದಳು. “ನಾಳಿಯಿಂದ ಪ್ರಾರ್ಥನಾದಾಗ ನಿಮ್ಮನ್ನ ಅವನ ಹಿಂದ ನಿಲ್ಲಸ್ತೀನಿ. ತಡಾ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.”

ನನಗೆ ಈಗಲೂ ನಂಬಿಕೆ ಬಂದಿಲ್ಲ. ಆದರೆ ಅವತ್ತು ಬೇಡವೆನ್ನಲಿಲ್ಲ. ತಾಳಿಯನ್ನು ಅವಳ ಕೊರಳಿಗೆ ಹಾಕಿ, ಕೈ ಹಿಡಿದುಕೊಂಡು ಕೂತೆ.